ಕೋಲ್ಕತ್ತದಿಂದ ಆಣಂದ್‌ವರೆಗೆ: ಭಾರತದ ಪ್ರನಾಳ ಶಿಶುವಿನ ಇತಿಹಾಸ

ಭಾರತದ ಮೊದಲ ಪ್ರನಾಳ ಶಿಶು ಹುಟ್ಟಿದ್ದು 1978ರ ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ. ಸರ್ಕಾರಿ ಕಡತಗಳು ಮಾತ್ರ ಬಹುಕಾಲ ಆ ಗೌರವವನ್ನು 1986ರ ಮುಂಬೈಗೆ ಬರೆದುಕೊಟ್ಟಿದ್ದವು. ನಡುವಿನ ಎಂಟು ವರ್ಷಗಳಲ್ಲಿ ಆ ಮಗುವನ್ನು ಸಾಧ್ಯವಾಗಿಸಿದ ವೈದ್ಯ ಆತ್ಮಹತ್ಯೆ ಮಾಡಿಕೊಂಡಿದ್ದರು. ಬಂಜೆತನದ ಚಿಕಿತ್ಸೆಯ ವಿಷಯದಲ್ಲಿ ಈ ದೇಶದ ಆಡಳಿತ ಮುಂದೆಯೂ ಹೆಚ್ಚುಕಡಿಮೆ ಹೀಗೆಯೇ ನಡೆದುಕೊಂಡಿತು. ಹೊಸದು ಎದುರಿಗೆ ಬಂದಾಗ ಅನುಮಾನಿಸಿತು. ಅದೇ ದೊಡ್ಡ ವ್ಯಾಪಾರವಾಗಿ ಬೆಳೆದಾಗ ಬಹಳ ತಡವಾಗಿ ಕಣ್ಣು ಬಿಟ್ಟಿತು.

ಪ್ರಯೋಗಾಲಯದ ಕಾಲಕ್ಕೆ ಮೊದಲು ಮಕ್ಕಳಿಲ್ಲದವರಿಗೆ ಇದ್ದ ದಾರಿಗಳು ಕೆಲವೇ. ಹರಕೆ ಹೊರುವುದು, ನಾಗಪ್ರತಿಷ್ಠೆ ಮಾಡಿಸುವುದು, ನಾಟಿ ಔಷಧಿ ಕುಡಿಯುವುದು, ಗಂಡಿಗೆ ಇನ್ನೊಂದು ಮದುವೆ ಮಾಡುವುದು, ಯಾವುದೂ ಆಗದಿದ್ದರೆ ದತ್ತು ತೆಗೆದುಕೊಳ್ಳುವುದು. ದೋಷ ಗಂಡಿನಲ್ಲಿಯೂ ಇರಬಹುದೆಂಬುದನ್ನು ಮನೆಯ ಹಿರಿಯರು ಸಾಮಾನ್ಯವಾಗಿ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಬಂಜೆ ಎಂಬ ಮಾತು ಹೆಣ್ಣಿಗಷ್ಟೇ ಅಂಟುತ್ತಿತ್ತು. ದತ್ತಕಕ್ಕೆ ಧರ್ಮಶಾಸ್ತ್ರದ ಒಪ್ಪಿಗೆ ಇತ್ತು, ರಾಜಮನೆತನಗಳಲ್ಲಿ ಅದು ವಾಡಿಕೆಯೇ ಆಗಿತ್ತು. ಆದರೂ ಬ್ರಿಟಿಷರ ಕಾಲದಲ್ಲಿ ಅದು ಒಂದು ಸಂಸ್ಥಾನದ ಅಳಿವು ಉಳಿವನ್ನೇ ನಿರ್ಧರಿಸುವಂತಾಯಿತು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅದೇ ಅಕ್ಟೋಬರ್ 23ರ ಕಾಳಗದಲ್ಲಿ ಅವನು ಸತ್ತ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡಾಗ ಅದಕ್ಕೆ ಬ್ರಿಟಿಷರ ಮನ್ನಣೆ ಸಿಕ್ಕಿದ್ದು ಎರಡು ವರ್ಷಗಳ ನಂತರ. ಮಗು ಯಾರದೆಂದು ತೀರ್ಮಾನಿಸುವ ಅಧಿಕಾರ ಮನೆಯವರ ಕೈಯಿಂದ ಸರ್ಕಾರದ ಕೈಗೆ ಹೋಗುವುದು ಹೀಗೆ ಪ್ರನಾಳ ಶಿಶುವಿನ ವಿಧಾನವಾದ ಐವಿಎಫ್‌ಗಿಂತ ಬಹಳ ಹಳೆಯ ಸಂಗತಿ.

ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನ ಓಲ್ಡಮ್‌ನಲ್ಲಿ 1978ರ ಜುಲೈ 25ರಂದು ಹುಟ್ಟಿದಳು. ಅದರ ಹಿಂದೆ ಇದ್ದವರು ಶರೀರವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್, ಸ್ತ್ರೀರೋಗ ತಜ್ಞ ಪ್ಯಾಟ್ರಿಕ್ ಸ್ಟೆಪ್ಟೊ ಮತ್ತು ಪ್ರಯೋಗಾಲಯದ ಕೆಲಸ ನೋಡಿಕೊಳ್ಳುತ್ತಿದ್ದ ಜೀನ್ ಪರ್ಡಿ. ಅನುಮಾನ ಅಲ್ಲಿಯೂ ಇತ್ತು: ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1971ರಲ್ಲಿ ಅವರಿಗೆ ಹಣ ಕೊಡಲು ನಿರಾಕರಿಸಿತ್ತು. ಲೂಯಿಸ್ ಹುಟ್ಟಿ ಎಪ್ಪತ್ತು ದಿನಕ್ಕೆ ಕೋಲ್ಕತ್ತದ ಮಗು ಹುಟ್ಟಿತು. ಅದು ನವರಾತ್ರಿಯ ಸಮಯವಾದ್ದರಿಂದ ಪತ್ರಿಕೆಗಳಲ್ಲಿ ಮಗುವಿಗೆ ದುರ್ಗಾ ಎಂಬ ಹೆಸರು ಬಿತ್ತು.

ಈ ಕೆಲಸದ ಮುಂದಾಳು ಡಾ. ಸುಭಾಷ್ ಮುಖೋಪಾಧ್ಯಾಯ. 1931ರಲ್ಲಿ ಹಜಾರಿಬಾಗ್‌ನಲ್ಲಿ ಹುಟ್ಟಿದ ಅವರು ಕೋಲ್ಕತ್ತದಲ್ಲಿ ವೈದ್ಯಕೀಯ ಓದಿ, ಅಲ್ಲಿ ಒಂದು ಮತ್ತು ಎಡಿನ್‌ಬರೋದಲ್ಲಿ ಇನ್ನೊಂದು ಡಾಕ್ಟರೇಟ್ ಪಡೆದಿದ್ದರು. ಶೈತ್ಯೀಕರಣ ಬಲ್ಲ ಸುನೀತ್ ಮುಖರ್ಜಿ ಮತ್ತು ಸ್ತ್ರೀರೋಗ ತಜ್ಞ ಸರೋಜ್ ಕಾಂತಿ ಭಟ್ಟಾಚಾರ್ಯ ಅವರ ಜೊತೆಗಾರರು. ಚಿಕಿತ್ಸೆಗೆ ಬಂದ ಮಹಿಳೆಯ ಗರ್ಭನಾಳಗಳು ಮುಚ್ಚಿಹೋಗಿದ್ದವು. ಆರೋಗ್ಯವಂತ ಹೆಣ್ಣಿನಲ್ಲಿ ಅಂಡಾಣು ಮತ್ತು ವೀರ್ಯಾಣು ಕೂಡುವುದು ಆ ನಾಳದಲ್ಲಿಯೇ. ಅದು ಮುಚ್ಚಿದ್ದರೆ ಅಂಡಾಣುವನ್ನು ಹೊರಗೆ ತೆಗೆದು, ಗಾಜಿನ ತಟ್ಟೆಯಲ್ಲಿ ವೀರ್ಯಾಣುವಿನೊಂದಿಗೆ ಕೂಡಿಸಿ, ಬೆಳೆಯತೊಡಗಿದ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸಬೇಕು. ಓಲ್ಡಮ್‌ನವರು ತಿಂಗಳಿಗೊಮ್ಮೆ ಸಹಜವಾಗಿ ಬಲಿಯುವ ಒಂದೇ ಅಂಡಾಣುವನ್ನು ಹೊಟ್ಟೆಗೆ ಚಿಕ್ಕ ತೂತು ಮಾಡಿ ಲ್ಯಾಪರೊಸ್ಕೋಪ್‌ನಿಂದ ತೆಗೆದಿದ್ದರು. ಮುಖೋಪಾಧ್ಯಾಯರ ವಿಧಾನವೇ ಬೇರೆ. ಅವರು ಹಾರ್ಮೋನು ಚುಚ್ಚುಮದ್ದು ಕೊಟ್ಟು ಒಂದೇ ಸಲಕ್ಕೆ ಹಲವು ಅಂಡಾಣುಗಳು ಬಲಿಯುವಂತೆ ಮಾಡಿದರು. ಅವನ್ನು ಯೋನಿಮಾರ್ಗದ ಮೂಲಕ ತೆಗೆದರು. ಭ್ರೂಣಗಳನ್ನು 53 ದಿನ ಘನೀಕರಿಸಿಟ್ಟು ಬೇರೊಂದು ಋತುಚಕ್ರದಲ್ಲಿ ಗರ್ಭಕೋಶಕ್ಕೆ ಸೇರಿಸಿದರು. ಹಾರ್ಮೋನಿನ ಪ್ರಭಾವವಿರುವ ತಿಂಗಳಲ್ಲಿ ಗರ್ಭಕೋಶದ ಒಳಪದರ ಭ್ರೂಣವನ್ನು ಹಿಡಿದುಕೊಳ್ಳಲು ಅಷ್ಟು ಸಿದ್ಧವಿರುವುದಿಲ್ಲ ಎಂಬುದು ಅವರ ತರ್ಕ. ಇಂದು ಯಾವ ಊರಿನ ಐವಿಎಫ್ ಕೇಂದ್ರಕ್ಕೆ ಹೋದರೂ ಕಾಣುವುದು ಹೆಚ್ಚಾಗಿ ಇದೇ ಕ್ರಮ. ಘನೀಕರಿಸಿದ ಭ್ರೂಣದಿಂದ ಮಗು ಹುಟ್ಟಿದ್ದೆಂದು ಜಗತ್ತು ಮೊದಲು ಒಪ್ಪಿಕೊಂಡಿದ್ದು 1984ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ.

ಪಶ್ಚಿಮ ಬಂಗಾಳ ಸರ್ಕಾರ 1978ರ ನವೆಂಬರ್‌ನಲ್ಲಿ ಒಂದು ಸಮಿತಿ ನೇಮಿಸಿತು. ಅದರ ಅಧ್ಯಕ್ಷರು ರೇಡಿಯೊ ಭೌತಶಾಸ್ತ್ರದವರು. ಸಂತಾನೋತ್ಪತ್ತಿಯ ಹಾರ್ಮೋನುಗಳ ಬಗ್ಗೆ ಕೆಲಸ ಮಾಡಿದವರು ಸಮಿತಿಯಲ್ಲಿ ಇರಲಿಲ್ಲ. ಮಗುವಿನ ತಂದೆತಾಯಿಗೆ ತಮ್ಮ ಗುರುತು ಬಯಲಾಗುವುದು ಬೇಡವಾಗಿತ್ತು, ಹಾಗಾಗಿ ಮುಖೋಪಾಧ್ಯಾಯರ ಬಳಿ ಇದ್ದದ್ದು ಟಿಪ್ಪಣಿಗಳು ಮತ್ತು ಬಾಯಿಮಾತು. ಅವರ ಹೇಳಿಕೆಗಳು ಸುಳ್ಳೆಂದು ಸಮಿತಿ ವರದಿ ಕೊಟ್ಟಿತು. ಜಪಾನಿನಿಂದ ಉಪನ್ಯಾಸಕ್ಕೆ ಬಂದ ಕರೆಗೆ ಸರ್ಕಾರ ಅನುಮತಿ ಕೊಡಲಿಲ್ಲ. ಹೃದಯಾಘಾತವಾದ ಮೇಲೂ ವರ್ಗಾವಣೆ ತಪ್ಪಲಿಲ್ಲ. ಹಾರ್ಮೋನು ತಜ್ಞರನ್ನು ಕಣ್ಣಿನ ಸಂಸ್ಥೆಯೊಂದಕ್ಕೆ ಹಾಕಲಾಯಿತು. ಸಮಿತಿಯ ಅಜ್ಞಾನವನ್ನಾದರೂ ಕ್ಷಮಿಸಬಹುದು, ಈ ವರ್ಗಾವಣೆಯನ್ನು ಕ್ಷಮಿಸಲಾಗದು. 1981ರಲ್ಲಿ, ಐವತ್ತರ ವಯಸ್ಸಿನಲ್ಲಿ, ಮುಖೋಪಾಧ್ಯಾಯರು ಪ್ರಾಣ ಕಳೆದುಕೊಂಡರು. ತಪನ್ ಸಿನ್ಹಾರ ‘ಏಕ್ ಡಾಕ್ಟರ್ ಕೀ ಮೌತ್’ ಚಿತ್ರಕ್ಕೆ ಪ್ರೇರಣೆ ಅವರ ಬದುಕು.

1986ರ ಆಗಸ್ಟ್ 6ರಂದು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಇನ್ನೊಂದು ಹೆಣ್ಣುಮಗು ಹುಟ್ಟಿತು. ಡಾ. ಇಂದಿರಾ ಹಿಂದೂಜಾ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ, ಅಂದರೆ ಐಸಿಎಂಆರ್‌ನ, ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯ ಡಾ. ಟಿ.ಸಿ. ಆನಂದ ಕುಮಾರ್ ಸೇರಿ ಮಾಡಿದ ಕೆಲಸವಿದು. ಇದರ ದಾಖಲೆ ಅಚ್ಚುಕಟ್ಟಾಗಿತ್ತು, ಪ್ರಕಟಣೆಯೂ ಆಯಿತು. ಭಾರತದ ಮೊದಲ ಪ್ರನಾಳ ಶಿಶು ಇದೇ ಎಂದು ಎಲ್ಲರೂ ಒಪ್ಪಿದರು. ಹನ್ನೊಂದು ವರ್ಷಗಳ ಬಳಿಕ ಆನಂದ ಕುಮಾರ್ ಕೋಲ್ಕತ್ತಕ್ಕೆ ಹೋದಾಗ ಮುಖೋಪಾಧ್ಯಾಯರ ಕೈಬರಹದ ಟಿಪ್ಪಣಿಗಳು ಅವರಿಗೆ ಸಿಕ್ಕವು. ಅವನ್ನು ಓದಿ, ಮಗುವಿನ ತಂದೆತಾಯಿಯೊಂದಿಗೆ ಮಾತನಾಡಿ, ಮೊದಲಿಗರು ತಾವಲ್ಲ ಎಂದು ಅವರು 1997ರಲ್ಲಿ ಬರೆದರು. ಆ ಲೇಖನ ಬಂದದ್ದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ತನ್ನ ಹೆಸರಿಗಿದ್ದ ಪಟ್ಟವನ್ನು ತಾನೇ ಇಳಿಸಿ, ಸತ್ತುಹೋದ ಇನ್ನೊಬ್ಬನಿಗೆ ಕೊಟ್ಟ ವಿಜ್ಞಾನಿಗಳು ಹೆಚ್ಚಿಲ್ಲ. ಆನಂದ ಕುಮಾರ್ ಮುಂದೆ ಬೆಂಗಳೂರಿನಲ್ಲಿ ನೆಲೆಸಿ 2010ರಲ್ಲಿ ತೀರಿಕೊಂಡರು. ಎಡ್ವರ್ಡ್ಸ್ ಅವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ. ಕೋಲ್ಕತ್ತದ ದುರ್ಗಾ ಅಷ್ಟರಲ್ಲಿ ದೊಡ್ಡವಳಾಗಿ, ತನ್ನ ಇಪ್ಪತ್ತೈದನೇ ಹುಟ್ಟುಹಬ್ಬದ ಹೊತ್ತಿಗೆ ತಾನು ಯಾರೆಂದು ಜನರಿಗೆ ಹೇಳಿಕೊಂಡಿದ್ದಳು.

ತೊಂಬತ್ತರ ದಶಕದಲ್ಲಿ ಚಿಕಿತ್ಸೆ ದೊಡ್ಡ ಸರ್ಕಾರಿ ಸಂಸ್ಥೆಗಳಿಂದ ಖಾಸಗಿ ಕ್ಲಿನಿಕ್‌ಗಳಿಗೆ ಸರಿಯಿತು. 1992ರಲ್ಲಿ ಬ್ರಸೆಲ್ಸ್‌ನ ವೈದ್ಯರು ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನದ ಯಶಸ್ಸನ್ನು ಪ್ರಕಟಿಸಿದರು. ಗಂಡಿನ ಬಂಜೆತನಕ್ಕೆ ಆವರೆಗೆ ಗಟ್ಟಿ ಮದ್ದು ಇರಲಿಲ್ಲ. ಇಕ್ಸಿ ಬಂದ ಮೇಲೆ ಗಂಡನ ದೋಷಕ್ಕೂ ಕ್ಲಿನಿಕ್‌ಗಳಲ್ಲಿ ಚಿಕಿತ್ಸೆ ಸಿಗುವಂತಾಯಿತು. ಊರಿನವರ ಬಾಯಲ್ಲಿ ಮಾತ್ರ ತಪ್ಪು ಹೆಂಡತಿಯದಾಗಿಯೇ ಉಳಿಯಿತು.

ಗರ್ಭಕೋಶವೇ ಇಲ್ಲದ, ಅಥವಾ ಬಸಿರು ನಿಲ್ಲದ ಹೆಣ್ಣಿಗೆ ಐವಿಎಫ್, ಇಕ್ಸಿ ಎರಡೂ ಸಾಲವು. ಆಕೆಯ ಅಂಡಾಣುವಿನಿಂದಾದ ಭ್ರೂಣವನ್ನು ಇನ್ನೊಬ್ಬಳು ಹೊರಬೇಕು. ಭಾರತದಲ್ಲಿ ಈ ಬಾಡಿಗೆ ತಾಯ್ತನ ಊರೂರಿಗೆ ಗೊತ್ತಾದದ್ದು 2004ರಲ್ಲಿ. ಅಮುಲ್ ಹಾಲಿನಿಂದ ಹೆಸರಾಗಿದ್ದ ಗುಜರಾತಿನ ಆಣಂದ್‌ನಲ್ಲಿ ಡಾ. ನಯನಾ ಪಟೇಲ್ ಅವರ ಆಸ್ಪತ್ರೆಯಲ್ಲಿ ಒಬ್ಬ ತಾಯಿ ಬ್ರಿಟನ್ನಿನಲ್ಲಿದ್ದ ಮಗಳಿಗಾಗಿ ಅವಳಿ ಮೊಮ್ಮಕ್ಕಳನ್ನು ಹೆತ್ತಳು. ಮನೆಯೊಳಗಿನ ಈ ಉಪಕಾರ ಬೇಗನೆ ಹಣದ ವ್ಯವಹಾರವಾಯಿತು. ಅಮೆರಿಕ, ಜಪಾನ್, ಯುರೋಪಿನ ದಂಪತಿಗಳು ಬರತೊಡಗಿದರು, ಏಕೆಂದರೆ ಕೆಲವು ದೇಶಗಳಲ್ಲಿ ಬಾಡಿಗೆ ತಾಯ್ತನಕ್ಕೆ ನಿಷೇಧವಿತ್ತು, ಉಳಿದೆಡೆ ಖರ್ಚು ಹಲವು ಪಟ್ಟು. ಗರ್ಭ ಹೊತ್ತ ಹೆಂಗಸರು ಒಂಬತ್ತು ತಿಂಗಳು ಹಾಸ್ಟೆಲ್‌ನಲ್ಲಿ ಒಟ್ಟಿಗೆ ಇರುತ್ತಿದ್ದರು. ಅದಕ್ಕೆ ಸಿಗುತ್ತಿದ್ದ ಹಣ ಅವರ ಮನೆಯ ಹಲವು ವರ್ಷಗಳ ಕೂಲಿಗೆ ಸಮ. ಅದರಲ್ಲಿ ಮನೆ ಕಟ್ಟಿದವರಿದ್ದರು, ಸಾಲ ತೀರಿಸಿದವರಿದ್ದರು, ಮಕ್ಕಳನ್ನು ಓದಿಸಿದವರಿದ್ದರು. ಆದರೆ ಒಪ್ಪಂದದ ಕಾಗದ ಬಹುಪಾಲು ಅವರು ಓದಲಾರದ ಇಂಗ್ಲಿಷಿನಲ್ಲಿರುತ್ತಿತ್ತು. ಹೆರಿಗೆಯಲ್ಲಿ ಜೀವಕ್ಕೆ ಅಪಾಯವಾದರೆ ಕೇಳುವವರು ಯಾರೆಂಬುದೂ ಸ್ಪಷ್ಟವಿರಲಿಲ್ಲ. ಐಸಿಎಂಆರ್ 2005ರಲ್ಲಿ ಮಾರ್ಗಸೂಚಿ ಹೊರಡಿಸಿತು. ಮೀರಿದವರನ್ನು ಶಿಕ್ಷಿಸುವ ಬಲ ಅದಕ್ಕಿರಲಿಲ್ಲ.

ತೊಡಕು ಬಯಲಾದದ್ದು 2008ರಲ್ಲಿ. ಜಪಾನಿನ ದಂಪತಿಯೊಬ್ಬರು ದಾನಿಯ ಅಂಡಾಣು ಬಳಸಿ ಆಣಂದ್‌ನಲ್ಲಿ ಬಾಡಿಗೆ ತಾಯಿಯನ್ನು ಗೊತ್ತುಮಾಡಿದ್ದರು. ಮಗು ಹುಟ್ಟುವ ಮೊದಲೇ ಅವರಿಗೆ ವಿಚ್ಛೇದನವಾಯಿತು. ಹೆಂಡತಿಗೆ ಮಗು ಬೇಡವಾಗಿತ್ತು, ಗಂಡನಿಗೆ ಬೇಕಿತ್ತು. ಮಗು ಜಪಾನಿನ ಪ್ರಜೆಯಲ್ಲ, ಏಕೆಂದರೆ ಅಲ್ಲಿನ ಕಾನೂನಿನಲ್ಲಿ ಹೆತ್ತವಳೇ ತಾಯಿ. ಇತ್ತ ಭಾರತದ ಪಾಸ್‌ಪೋರ್ಟೂ ಸಿಗಲಿಲ್ಲ. ದತ್ತು ಪಡೆಯೋಣವೆಂದರೆ ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಕೊಡಲು ಇಲ್ಲಿನ ನಿಯಮ ಅಡ್ಡ ಬಂತು. ಬೇಬಿ ಮಂಜಿ ಪ್ರಕರಣವೆಂದು ಹೆಸರಾದ ಇದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೊನೆಗೆ ಮಗು ಗುರುತಿನ ಪ್ರಮಾಣಪತ್ರ ಹಿಡಿದು ಅಜ್ಜಿಯ ಜೊತೆ ಜಪಾನಿಗೆ ಹೋಯಿತು. ಅದೇ ವರ್ಷ ಆಣಂದ್‌ನಲ್ಲಿ ಹುಟ್ಟಿದ ಜರ್ಮನ್ ದಂಪತಿಯ ಅವಳಿಗಳಿಗೂ ಇದೇ ಗತಿ; ಅವರು ಊರು ಸೇರುವಾಗ 2010 ಬಂದಿತ್ತು.

ಕಾನೂನು ಆಯೋಗ 2009ರ ತನ್ನ 228ನೇ ವರದಿಯಲ್ಲಿ ಹಣದ ಬಾಡಿಗೆ ತಾಯ್ತನವನ್ನು ನಿಷೇಧಿಸಿ, ಉಪಕಾರಕ್ಕಾಗಿ ಮಾಡುವುದನ್ನು ಉಳಿಸಲು ಹೇಳಿತು. ಮಸೂದೆಯ ಕರಡುಗಳು 2008, 2010, 2014ರಲ್ಲಿ ಬಂದು ಹಾಗೆಯೇ ಮೂಲೆಗೆ ಬಿದ್ದವು. 2015ರ ಕೊನೆಯಲ್ಲಿ ವಿದೇಶಿಯರಿಗೆ ಬಾಗಿಲು ಮುಚ್ಚಲಾಯಿತು. ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆ 2021ರಲ್ಲಿ ಅಂಗೀಕಾರವಾಗಿ 2022ರ ಜನವರಿ 25ರಿಂದ ಜಾರಿಗೆ ಬಂತು. ಅದರಂತೆ ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವರ್ಷದೊಳಗೆ ವಯಸ್ಸಿರಬೇಕು. ಗರ್ಭ ಹೊರುವವಳು ಮದುವೆಯಾಗಿ ಸ್ವಂತ ಮಗುವಿರುವ, 25ರಿಂದ 35 ವರ್ಷದ ಹೆಣ್ಣಾಗಿರಬೇಕು. ಜೀವಮಾನದಲ್ಲಿ ಒಂದೇ ಸಲ, ಅದೂ ಹಣವಿಲ್ಲದೆ. ಹಣಕ್ಕಾಗಿ ನಡೆಸುವವರಿಗೆ ಹತ್ತು ವರ್ಷದವರೆಗೆ ಸೆರೆ.

ಕಾಯ್ದೆಯ ಬಿಗಿ ನ್ಯಾಯಾಲಯಗಳಲ್ಲಿ ಕೂಡಲೇ ಪರೀಕ್ಷೆಗೆ ಒಳಗಾಯಿತು. ಒಬ್ಬನೇ ಮಗನನ್ನು ಅಪಘಾತದಲ್ಲಿ ಕಳೆದುಕೊಂಡ ದಂಪತಿ ಕರ್ನಾಟಕ ಹೈಕೋರ್ಟಿಗೆ ಹೋದರು. ಹೆಂಡತಿಯ ಗರ್ಭಕೋಶ ತೆಗೆದಾಗಿತ್ತು, ಗಂಡನಿಗೆ 57. ಆನುವಂಶಿಕ ಆರೋಗ್ಯ, ಮಗುವನ್ನು ಸಾಕುವ ದೇಹಬಲ, ಹಣಕಾಸಿನ ಅನುಕೂಲ, ಈ ಮೂರನ್ನೂ ನೋಡಿ ಅವರ ಅರ್ಜಿಯನ್ನು ಪರಿಗಣಿಸುವಂತೆ 2023ರಲ್ಲಿ ಹೈಕೋರ್ಟ್ ಹೇಳಿತು. ಅದೇ ವರ್ಷ ಸರ್ಕಾರ ದಾನಿಯ ಅಂಡಾಣು, ವೀರ್ಯಾಣುಗಳಿಗೆ ಅಡ್ಡಿ ಹಾಕಿ, ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ 2024ರ ಫೆಬ್ರುವರಿಯಲ್ಲಿ ನಿಯಮವನ್ನು ಸಡಿಲಿಸಿತು: ದಂಪತಿಯಲ್ಲಿ ಒಬ್ಬರಿಗೆ ವೈದ್ಯಕೀಯ ಅಡ್ಡಿ ಇದ್ದರೆ ದಾನಿಯ ನೆರವು ಪಡೆಯಬಹುದು, ಇನ್ನೊಬ್ಬರದು ಸ್ವಂತದ್ದೇ ಇರಬೇಕು.

ಹಣ ನಿಂತ ಮೇಲೆ ಗರ್ಭ ಹೊರಲು ಒಪ್ಪುವವರು ಸಿಗುವುದು ಹೆಚ್ಚಾಗಿ ನೆಂಟರಿಷ್ಟರಲ್ಲಿ. ನಾದಿನಿ, ತಂಗಿ, ಓರಗಿತ್ತಿ ಮನಸಾರೆ ಒಪ್ಪಿದಳೋ ಮನೆಯವರ ಒತ್ತಾಯಕ್ಕೆ ಮಣಿದಳೋ ಎಂಬುದನ್ನು ಒಪ್ಪಿಗೆ ಪತ್ರದ ಸಹಿ ಹೇಳುವುದಿಲ್ಲ. ಆಣಂದ್‌ನ ಹಾಸ್ಟೆಲ್‌ನಲ್ಲಿದ್ದವಳಿಗೆ ಕೈಗೆ ಒಂದಿಷ್ಟು ದುಡ್ಡಾದರೂ ಬರುತ್ತಿತ್ತು. ಈಗ ಗರ್ಭ ಹೊರುವವಳಿಗೆ ಕಾನೂನು ಕೊಡಿಸುವುದು ವೈದ್ಯಕೀಯ ಮತ್ತು ಅದಕ್ಕೆ ಹೊಂದಿದ ನಿಗದಿತ ಖರ್ಚು, ಜೊತೆಗೆ 36 ತಿಂಗಳ ವಿಮೆ.