ಹನ್ನೆರಡು ಸಾವಿರವೂ ಹನ್ನೆರಡೂ

ಕತ್ತಿಗೆ ಕುಲಭೇದವಿಲ್ಲ, ರಣರಂಗದಲ್ಲಿ ಅರಸನೂ ಒಂದೇ, ಆಳೂ ಒಂದೇ ಎಂದು ನನ್ನ ಮಿತ್ರರೊಬ್ಬರು ಆಗಾಗ ಹೇಳುವುದುಂಟು. ಮೊನ್ನೆ ಕಾಫಿಯ ವೇಳೆಯಲ್ಲಿಯೂ ಅದನ್ನೇ ಹೇಳಿದರು. ನಾನು ಆಗ ಮಾತನಾಡಲಿಲ್ಲ. ಮನೆಗೆ ಬಂದ ಮೇಲೆ, ಹಿಂದೊಮ್ಮೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕಂಡ ಆತಕೂರಿನ ಕಲ್ಲು ನೆನಪಿಗೆ ಬಂದಿತು.

ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಈ ಕಲ್ಲಿನ ಮೇಲೆ ನಾಯಿಯೊಂದು ಕಾಡುಹಂದಿಯೊಡನೆ ಹೋರಾಡುತ್ತಿದೆ. ಬರಹ ಮಾತ್ರ ತಕ್ಕೋಲದ ಕಾಳಗದ್ದು. 949ರಲ್ಲಿ ಅರಕೋಣದ ಬಳಿಯ ಆ ಊರಿನಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ಯುವರಾಜ ರಾಜಾದಿತ್ಯನಿಗೂ ಯುದ್ಧ ನಡೆಯಿತು. ಕೃಷ್ಣನ ಭಾವಮೈದುನ, ಗಂಗರ ಬೂತುಗ, ರಾಜಾದಿತ್ಯನನ್ನು ಕೊಂದನು. ಚೋಳರ ಶಾಸನಗಳು ರಾಜಾದಿತ್ಯನನ್ನು 'ಆನೆಯ ಮೇಲೆ ಮಡಿದ ದೊರೆ' ಎಂದೇ ಕರೆಯುತ್ತವೆ. ಆನೆಯ ಮೇಲೆ ಕುಳಿತವನು ತನ್ನ ಸೈನ್ಯಕ್ಕೆ ಕಾಣುವಂತೆ ವೈರಿಗೂ ಕಾಣುತ್ತಾನಷ್ಟೆ! ಇಲ್ಲಿಯವರೆಗೆ ಮಿತ್ರರ ಮಾತು ಸರಿ. ದೊಡ್ಡವರೂ ಸಾಯುತ್ತಿದ್ದರು, ಕೆಲವೊಮ್ಮೆ ಮೊದಲು ಸಾಯುತ್ತಿದ್ದರು.

ಆದರೆ ಗೆದ್ದವರ ಲೆಕ್ಕ ನೋಡಿ. ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ದೊರೆತವು. ಅವನ ಕೈಕೆಳಗೆ ಕಾದಿದ ಮಣಲೇರನು, ಏನು ಬೇಕೆಂದು ಒಡೆಯನು ಕೇಳಿದಾಗ, ಬೂತುಗನ ಬೇಟೆನಾಯಿ ಕಾಳಿಯನ್ನು ಬೇಡಿದನು. (ಈ ಒಂದು ಬೇಡಿಕೆಗಾಗಿ ಆ ಮನುಷ್ಯನಲ್ಲಿ ನನಗೆ ಬಲು ಪ್ರೀತಿ.) ಅವನಿಗೆ ಬಾಳ್ಗಚ್ಚಾಗಿ, ಎಂದರೆ ನೆತ್ತರಾದ ಕತ್ತಿಯನ್ನು ತೊಳೆದ ಉಡುಗೊರೆಯಾಗಿ, ಆತಕೂರು 12 ಮತ್ತು ಬೆಳ್ವೊಲದಲ್ಲೊಂದು ಊರು ಸಿಕ್ಕವು. ಈ ಸಂಖ್ಯೆಗಳು ಏನನ್ನು ಎಣಿಸುತ್ತವೆಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. 12000ಕ್ಕೂ 12ಕ್ಕೂ ಇರುವ ಅಂತರವನ್ನು ತಿಳಿಯಲು ಪಂಡಿತರು ಬೇಕಾಗಿಲ್ಲ. ಮಣಲೇರನಾದರೂ ಸಾಮಾನ್ಯನಲ್ಲ, ಸಾಮಂತ. ಅವನ ಹಿಂದೆ ತಕ್ಕೋಲದವರೆಗೆ ನಡೆದುಹೋದ ಕಾಲಾಳುಗಳಿಗೆ ಏನು ಬಂದಿತೋ, ಕಲ್ಲು ಹೇಳುವುದಿಲ್ಲ.

ಗೆಲ್ಲದೆ ಮಡಿದಿದ್ದರೆ? ಅದಕ್ಕೆ ಬೇಗೂರಿನ ಶಾಸನವಿದೆ. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಆನೆಗಳಿಗೆ ಎದುರಾಗಿ ಸತ್ತನು. ಸುದ್ದಿ ತಿಳಿದ ಗಂಗ ದೊರೆ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು 12ನ್ನು ಕಲ್ನಾಡಾಗಿ ಕೊಟ್ಟನು. ಒಡಲು ಬಿದ್ದಿತು, ಪಟ್ಟ ಬೀಳಲಿಲ್ಲ. ಕಾಲಾಳು ಬಿದ್ದರೆ ನೇಗಿಲು ಹಿಡಿಯುವ ಕೈಯೇ ಹೋಗುತ್ತಿತ್ತು. ಮಡಿದ ಸಾಮಾನ್ಯನ ಮನೆಗೂ ನೆತ್ತರುಗೊಡಗೆ ಸಿಕ್ಕ ನಿದರ್ಶನಗಳು ಇಲ್ಲದಿಲ್ಲ. ಊರ ದನಗಳನ್ನು ಹಿಂದಕ್ಕೆ ತರಲು ಹೋಗಿ ಸತ್ತ ಒಕ್ಕಲಿನ ಮಕ್ಕಳಿಗೂ ಕಲ್ಲು ನಿಲ್ಲಿಸಿದ್ದಾರೆ. ಅಂಥ ತುರುಗೊಳ್ ಕಲ್ಲುಗಳು ನಮ್ಮ ನಾಡಿನಲ್ಲಿ ಹೇರಳವಾಗಿವೆ. ಅಲ್ಲಿ ಹೋರಾಟ ತನ್ನದೇ ಕೊಟ್ಟಿಗೆಗಾಗಿ. ದೂರದ ತಕ್ಕೋಲಕ್ಕಾಗಿ ಅಲ್ಲ.

ಮಿತ್ರರಿಗೆ ಹಳೇಬೀಡಿನ ಒಂದು ಕಂಬವನ್ನೂ ತೋರಿಸಬೇಕೆಂದಿದ್ದೇನೆ. 1220ರಲ್ಲಿ ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ದಂಡನಾಯಕ ಕುವರಲಕ್ಷ್ಮನು ಪತ್ನಿಯೊಡನೆ, ಗರುಡರೆಂಬ ಆಳುಗಳೊಡನೆ ಪ್ರಾಣ ಬಿಟ್ಟನು. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ವೀರರನ್ನು ಕಂಬದ ಮೇಲೆ ಕಡೆದಿದ್ದಾರೆ. ಕಾಳಗವೇ ಇಲ್ಲದ ದಿನವೂ ಆಳಿನ ಜೀವಕ್ಕೆ ಒಡೆಯನ ಸಾವಿನ ಗಂಡಾಂತರವಿತ್ತು. ಆಳು ಸತ್ತನೆಂದು ಪ್ರಾಣ ಬಿಟ್ಟ ಅರಸನ ಕಂಬವನ್ನು ನಾನು ಇನ್ನೂ ಕಂಡಿಲ್ಲ.

ಅಂದ ಹಾಗೆ, ಕಾಳಿ ಆತಕೂರಿನ ಬಳಿ ಹಂದಿಯೊಡನೆ ಕಾದಾಡಿ, ಅದನ್ನು ಕೊಂದು ತಾನೂ ಸತ್ತಿತು. ಆ ನಾಯಿಗಾಗಿ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಟ್ಟು, ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಗೊರವನು ಉಣಬಾರದೆಂಬ ಕಟ್ಟಳೆಯನ್ನೂ ಅದರ ಮೇಲೆಯೇ ಬರೆಸಿದ್ದಾರೆ.