ಲೇಟೆಸ್ಟ್ ಡಿಸೈನೂ ಅಜ್ಜಿ ಕಾಸಿನ ಸರಾನೂ

ಮಗಳ ಮದ್ವೆ ಒಡವೆಗೆ ಅಂತ ಹೋದ ವಾರ ದಾವಣಗೆರೆ ಮಂಡಿಪೇಟೆ ಕಡೆ ಅಕ್ಕಸಾಲ್ರ ಹತ್ರ ಹೋಗಿದ್ವಿ. ಹರಿಹರದ ನಮ್ಮಜ್ಜಿ ಕಾಸಿನ ಸರ ಕರಗ್ಸಿ ನೆಕ್ಲೇಸ್ ಮಾಡ್ಸಣ ಅಂತ. ಅವರು ಡಿಸೈನ್ ಪುಸ್ತಕ ಮುಂದಿಟ್ರು. ಮಗಳು ಬೆರಳಿಟ್ಟಿದ್ದು ರಿಬ್ಬನ್ ಗಂಟಿನಂಥ ಪದಕಕ್ಕೆ. "ಅಮ್ಮಾ, ಇದು ಲೇಟೆಸ್ಟು!"

ಎಲ್ಲಿ ಲೇಟೆಸ್ಟು ತಾಯಿ! ಆ ಗಂಟಿಗೆ ಮುನ್ನೂರೈವತ್ತು ವರ್ಷದ ಮೇಲಾತು. 1663ರಾಗೆ ಪ್ಯಾರಿಸ್ಸಿನ ಜಿಲ್ ಲೆಗಾರೆ ಅನ್ನೋ ಅಕ್ಕಸಾಲಿ ಒಡವೆ ನಮೂನೆಗಳ ಪುಸ್ತಕ ಅಚ್ಚು ಹಾಕ್ಸಿದ್ದ. ಅದ್ರಾಗೆ ಇಂಥ ಗಂಟುಗಳು ಅದಾವೆ. ತಾಮ್ರದ ತಗಡಿನ ಮೇಲೆ ಉಳಿಯಿಂದ ಗೀರಿ, ಮಸಿ ತುಂಬಿ, ಹಾಳೆ ಒತ್ತಿ ತೆಗೆಯೋದು. ಯೂರೋಪಿನಾಗೆ ಆ ವಿದ್ಯೆ ಬೆಳೆದಿದ್ದೇ ಅಕ್ಕಸಾಲ್ರ ಕೈಯಾಗೆ. ನಮ್ಮಲ್ಲೂ ನೋಡ್ರಿ, ಕಾಸು ಒತ್ತೋದೂ ಅಚ್ಚೇ, ಪುಸ್ತಕ ಒತ್ತೋದೂ ಅಚ್ಚೇ.

ಆಗಿನೋರಿಗೆ ಗಂಟು ಅಂದ್ರೆ ಪ್ರೀತಿಯ ಕಟ್ಟು. ಮೂರು ಗಂಟು ಹಾಕಿಸ್ಕಂಡ ನಮಗೆ ಅದನ್ನ ಬಿಡಿಸಿ ಹೇಳ್ಬೇಕಾ! ಅದೇ ಪುಸ್ತಕದಾಗೆ ತಲೆಬುರುಡೆ ಉಂಗುರಾನೂ ಅದಾವೆ. ಸಾವು ನೆನಪಿರ್ಲಿ ಅಂತ ಬೆರಳಿಗೆ ಹಾಕ್ಕಂತಿದ್ರಂತೆ. ಮಗಳು "ಛೀ" ಅಂದ್ಲು. ಯಾಕೆ, ನಮ್ಮ ಶಿವ ರುಂಡಮಾಲೆ ಹಾಕ್ಕಂಡಿಲ್ವಾ?

ಹರಿಹರೇಶ್ವರನ್ನೇ ತಗಳ್ರಿ. ಹೊಯ್ಸಳರ ಎರಡನೇ ನರಸಿಂಹನ ಕಾಲದಾಗೆ, 1224ರಲ್ಲಿ, ಪೋಲಾಳ್ವ ದಂಡನಾಯಕ ಕಟ್ಸಿದ ಗುಡಿ. ಮೂರ್ತಿ ಬಲಗಡೆ ಹರ, ಎಡಗಡೆ ಹರಿ. ಹರಿಹರನ್ನ ಕಡೆಯೋ ಶಿಲ್ಪಿಗಳ ಪದ್ಧತಿಯಾಗೆ ಹರನ ಕಿವಿಗೆ ಹಾವು, ಹರಿ ಕಿವಿಗೆ ಮಕರಕುಂಡಲ. ಕಿರೀಟಾನೂ ಅಷ್ಟೇ, ಒಂದು ಕಡೆ ಜಟೆ, ಇನ್ನೊಂದು ಕಡೆ ರತ್ನ. ಮುಖ ನೋಡದಿದ್ರೂ ಒಡವೆ ನೋಡಿ ಇದು ಯಾರ ಪಾಲು ಅಂತ ಹೇಳ್ಬೋದು.

ಅಜ್ಜಿ ಸರದಾಗೂ ಹಂಗೇ ಓದೋದು ಐತೆ. ಒಂದೊಂದು ಕಾಸಿನ ಮೇಲೂ ಲಕ್ಷ್ಮಿ, ಮೂಗು ಸವೆದು ಹೋಗೈತೆ. ಅಜ್ಜ ಹರಿಹರದ ಕಾರ್ಖಾನೆಯಾಗಿದ್ರಲ್ಲ, ವರ್ಷದ ಬೋನಸ್ ಬಂದಾಗ ಎರಡೆರಡು ಕಾಸು ಪೋಣಿಸ್ತಿದ್ರು. ಒಂದು ಜಾಗದಾಗೆ ಕಾಸಿನ ಬದ್ಲು ಬರೀ ಗುಂಡು ಐತೆ, ಅದು ಬೋನಸ್ ಬರದ ವರ್ಷ. ಅಕ್ಕಸಾಲ್ರು ತಕ್ಕಡಿಗೆ ಹಾಕಿ ಗ್ರಾಂ ಹೇಳಿದ್ರು, ಸವೆತ ಕಳೆದ್ರು. ನಂಗೆ ಆ ಗುಂಡಿನ ಮೇಲೇ ಕಣ್ಣು.

ಮಗಳಿಗೆ ಪದಕಾನೇ ಬೇಕು, ಬೇಡ ಅನ್ನಾಕೆ ನಂಗೂ ಬಾಯಿ ಬರ್ತಿಲ್ಲ. ಗುಂಡು, ಅದ್ರ ಜತೆ ಎರಡು ಕಾಸು ಬಿಡಿಸಿ ಇಟ್ಕಂಡು ಉಳಿದಿದ್ದು ಕೊಡಣ ಅಂತ ಮಾಡೀನಿ. ಚಿಕ್ಕಮ್ಮಂದಿರಾ, ಮೊದಲ ಬೋನಸ್ಸಿನ ಕಾಸು ಯಾವ್ವು, ನಡುವಿನವೋ ಕೊಂಡಿ ಹತ್ರದವೋ? ನೆನಪಿದ್ರೆ ಸೋಮವಾರದೊಳಗೆ ಫೋನ್ ಮಾಡ್ರಿ.