ಕೊಡಗು ಭೂಕುಸಿತ, 2018: ಪುನರ್ವಸತಿ ಮತ್ತು ನೆನಪು

2018ರ ಆಗಸ್ಟ್ ನಡುವಿನ ಬಿರುಮಳೆಗೆ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ಗುಡ್ಡಗಳು ಕುಸಿದವು. ಮಕ್ಕಂದೂರು, ಜೋಡುಪಾಲದ ಕಡೆ ಮನೆಗಳ ಜೊತೆಗೆ ಕಾಫಿ ತೋಟ, ಗದ್ದೆಗಳೂ ಕೆಸರಿನಡಿ ಸೇರಿದವು. ಮನೆಯನ್ನಾದರೂ ಮತ್ತೆ ಕಟ್ಟಬಹುದಿತ್ತು. ಜಾರಿಹೋದ ತೋಟದ ಮೇಲ್ಮಣ್ಣನ್ನು ಪರಿಹಾರದ ಚೆಕ್ಕು ತಂದುಕೊಡುವಂತಿರಲಿಲ್ಲ.

ಹೊಸ ಮನೆ ಸಿಗುವವರೆಗೆ ಸಂತ್ರಸ್ತ ಕುಟುಂಬಗಳಿಗೆ ಸರ್ಕಾರ ತಿಂಗಳಿಗೆ 10,000 ರೂಪಾಯಿ ಬಾಡಿಗೆ ಹಣ ನೀಡಿತು. ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಪುನರ್ವಸತಿ ಬಡಾವಣೆಗಳು ಎದ್ದವು. ಇನ್ಫೋಸಿಸ್ ಪ್ರತಿಷ್ಠಾನವೂ ಮನೆಗಳನ್ನು ಕಟ್ಟಿಸಿಕೊಟ್ಟಿತು.

ನೆನಪಿನ ಮಾತು ಬೇರೆ. ಕೊಡವರು ಗತಿಸಿದ ಹಿರಿಯರಿಗೆ ಎಡೆಯಿಡುವುದು ಒಕ್ಕದ (ಕುಲದ) ಮೂಲಮನೆಯಾದ ಐನ್‌ಮನೆ, ಹಿರಿಯರ ಗುಡಿಯಾದ ಕೈಮಡಗಳಲ್ಲಿ. ಸಾಲುಮನೆಯ ಬಡಾವಣೆಯಲ್ಲಿ ಅಂಥ ಜಾಗವನ್ನು ಹೊಸದಾಗಿ ಹುಟ್ಟಿಸಲಾಗದು.

ಗುಡ್ಡಗಳ ಕುಸಿತ 2018ಕ್ಕೇ ನಿಲ್ಲಲಿಲ್ಲ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಯನ್ನೇ ಕೊಚ್ಚಿಕೊಂಡು ಹೋಯಿತು.